ಕಣ್ಣು ಹೊಡೆದ ಚಿತ್ರ

ಕಲ್ಲಕ್ಕ ಎಂಬುದು ಹೆತ್ತವರಿಟ್ಟ ಹೆಸರಲ್ಲ. "ಕೂತರೆ ಕಲ್ಲು, ಎದ್ದರೆ ಅಕ್ಕ" ಎಂದು ಚಿತ್ರಕಲಾ ಶಾಲೆಯ ಯಾವುದೋ ವರ್ಷದ ತರಲೆ ಹುಡುಗಿಯೊಬ್ಬಳು ಹೇಳಿದ್ದು ನಿಂತೇಬಿಟ್ಟಿತ್ತು. ಆ ಹುಡುಗಿ ಓದು ಮುಗಿಸಿ ಹೋಗಿ ಎಷ್ಟೋ ವರ್ಷವಾಯಿತು. ಹೆಸರು ಮಾತ್ರ ಹೋಗಲಿಲ್ಲ.

ಸುಮ್ಮನೆ ಕೂರುವುದೇ ಅವಳ ಕೆಲಸ. ಹಾಗೆಂದರೆ ನಗುವವರೇ ಹೆಚ್ಚು. "ಅಯ್ಯೋ, ಕೂರೋದಕ್ಕೂ ಒಬ್ಬರು ಬೇಕಾ? ನಾನೂ ಮನೇಲಿ ದಿನವಿಡೀ ಕೂತೇ ಇರ್ತೀನಿ, ನನ್ನನ್ನ ಯಾರೂ ಕರೆಯಲ್ಲಪ್ಪ" ಎಂದು ಪಕ್ಕದ ಮನೆಯವಳು ಒಮ್ಮೆ ಕುಟುಕಿದ್ದಳು. ಕಲ್ಲಕ್ಕ ಜಗಳಕ್ಕೆ ಹೋಗಲಿಲ್ಲ. ಕುರ್ಚಿ ಎಳೆದು, "ಹತ್ತೇ ನಿಮಿಷ ಅಲುಗಾಡದೆ ಕೂತ್ಕೋ, ನೋಡೋಣ" ಎಂದಳು. ಎರಡನೇ ನಿಮಿಷಕ್ಕೆ ಅವಳಿಗೆ ಮೂಗು ತುರಿಸಿತು, ನಾಲ್ಕನೆಯದಕ್ಕೆ ಬೆನ್ನು ಕಚ್ಚಿತು, ಆರನೆಯದಕ್ಕೆ "ಒಲೆ ಮೇಲೆ ಹಾಲಿಟ್ಟಿದ್ದೆ ಕಣೇ" ಎಂದು ಎದ್ದು ಓಡಿದಳು.

ಕಲ್ಲಕ್ಕ ಒಂದೇ ಉಸಿರಿಗೆ ನಲವತ್ತು ನಿಮಿಷ ಕೂರುತ್ತಿದ್ದಳು. ಚಿಕ್ಕವಳಿದ್ದಾಗಲೇ ಬಂದ ವಿದ್ಯೆ ಅದು. ಅವಳ ಅಪ್ಪ ಎರಡು ವರ್ಷ ಎದೆಯ ಕಾಯಿಲೆಯಲ್ಲಿ ನರಳಿದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಗಳ ಭುಜಕ್ಕೆ ತಲೆ ಒರಗಿಸಿ ಕೂತರೆ ಮಾತ್ರ ಕಣ್ಣು ಹತ್ತುತ್ತಿತ್ತು. ಅವಳು ಒಂದಿಷ್ಟು ಮಿಸುಕಿದರೂ ಎಚ್ಚರವಾಗಿ ಕೆಮ್ಮು ಶುರು. ಹಾಗಾಗಿ ಹನ್ನೊಂದರ ವಯಸ್ಸಿಗೇ ಭುಜ ಜೋಮು ಹಿಡಿದರೂ ತಡೆದುಕೊಳ್ಳುವುದನ್ನು ಅವಳು ಕಲಿತಿದ್ದಳು. ಮುಂದೆ ಶಾಲೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ಒಂದು ಮಧ್ಯಾಹ್ನ ನೆಲ ಒಣಗಲೆಂದು ಮೂಲೆಯ ಸ್ಟೂಲಿನ ಮೇಲೆ ಕಾದು ಕೂತಿದ್ದಾಗ ಹಳೆಯ ಮೇಷ್ಟ್ರು ಒಳಗೆ ಬಂದರು. ಕಾಲು ಗಂಟೆ ಅವಳನ್ನೇ ನೋಡಿದರು. "ಏನಮ್ಮಾ, ಉಸಿರಾಡ್ತಾ ಇದ್ದೀಯಾ ತಾನೇ?" ಎಂದು ಕೇಳಿದರು. ಮರುವಾರದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು, ಕಲ್ಲಕ್ಕ ಕುರ್ಚಿಗೆ ಹೋದಳು. ಇದು ಇಪ್ಪತ್ತೊಂದು ವರ್ಷದ ಹಿಂದಿನ ಮಾತು.

ಎರಡನೇ ಮಹಡಿಯ ಉದ್ದನೆಯ ಕೋಣೆ. ಉತ್ತರಕ್ಕೆ ಸಾಲಾಗಿ ದೊಡ್ಡ ಕಿಟಕಿಗಳು. ನಟ್ಟನಡುವೆ ಮೊಣಕಾಲೆತ್ತರದ ಮರದ ಕಟ್ಟೆ, ಅದರ ಮೇಲೆ ಅವಳ ಕುರ್ಚಿ, ಸುತ್ತ ಬಳೆಯ ಹಾಗೆ ಇಪ್ಪತ್ತೆರಡು ಸ್ಟೂಲು. ಕೂತ ತಕ್ಷಣ ಒಬ್ಬರು ಬಂದು ಅವಳ ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು, ವಿರಾಮದ ನಂತರ ಅದೇ ಜಾಗದಲ್ಲಿ ಕಾಲಿಡಲೆಂದು. ಆಮೇಲೆ ಅವಳು ಎದುರಿನ ಗೋಡೆಯ ಸ್ವಿಚ್ಚುಗಳಲ್ಲಿ ಒಡೆದುಹೋದದ್ದೊಂದರ ಮೇಲೆ ಕಣ್ಣು ನೆಟ್ಟಳೆಂದರೆ ಮುಗಿಯಿತು. ಇದ್ದಿಲು ಕಡ್ಡಿ ಹಾಳೆಯ ಮೇಲೆ ಸರಪರ ಓಡುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಆ ಕೆಲಸದಲ್ಲಿ ಅವಳಿಗೆ ನಿಜವಾಗಿ ಇಷ್ಟವಾಗುತ್ತಿದ್ದದ್ದು ಹತ್ತು ನಿಮಿಷದ ವಿರಾಮ. ಕಾಲು ಝಾಡಿಸಿ ಎದ್ದು, ಚಹಾದ ಲೋಟ ಹಿಡಿದು, ಹಾಳೆ ನಿಲ್ಲಿಸಿದ ಒಂದೊಂದೇ ಈಸೆಲ್ ನೋಡುತ್ತ ಇಡೀ ಸುತ್ತು ಬರುತ್ತಿದ್ದಳು. ಒಬ್ಬೊಬ್ಬರ ಹಾಳೆಯಲ್ಲಿ ಒಂದೊಂದು ಕಲ್ಲಕ್ಕ. ಕಿಟಕಿಯ ಕಡೆಯವರಿಗೆ ಬೆಳಕು ಬಿದ್ದ ಕೆನ್ನೆ, ಬಾಗಿಲ ಕಡೆಯವರಿಗೆ ನೆರಳಿನ ಕೆನ್ನೆ, ಪಾಪ, ಹಿಂದೆ ಕೂತವರಿಗೆ ಬರೀ ತುರುಬು. ಯಾವ ಹಾಳೆ ತೋರಿಸಿದರೂ ಅದು ಯಾವ ಸ್ಟೂಲಿನದೆಂದು ಅವಳು ಹೇಳಬಲ್ಲವಳಾಗಿದ್ದಳು. ತನ್ನ ಮೂಗಿನ ಪಕ್ಕದ ನೋಟ, ಕತ್ತಿನ ಹಿಂದಿನ ಮಚ್ಚೆ, ಇವನ್ನೆಲ್ಲ ಅವಳು ಕಂಡದ್ದೇ ಮಕ್ಕಳ ಹಾಳೆಯಲ್ಲಿ. ಮನೆಯಲ್ಲಿದ್ದದ್ದು ಅಂಗೈಯಗಲದ ಕನ್ನಡಿ. ಮನೆಯಲ್ಲಿ ಅವಳು ಮತ್ತು ಬಟ್ಟೆ ಹೊಲಿಯುವ ತಂಗಿ, ಇಬ್ಬರೇ.

ಹಳೆಯ ಮೇಷ್ಟ್ರು ನಿವೃತ್ತರಾಗಿ ಹೊಸ ಮೇಡಂ ಬಂದ ವರ್ಷ ಈ ಕಥೆ ನಡೆದದ್ದು. ಮೇಡಂಗೆ ಮೂವತ್ತೋ ಮೂವತ್ತೊಂದೋ ಇರಬೇಕು. ತೋಳು ಮಡಿಚಿದ ದೊಗಳೆ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲು, ನಡೆದರೆ ಓಡಿದ ಹಾಗೆ. "ಅಕ್ಕಾ, ಬೆನ್ನು ನೋಯ್ತಿದ್ರೆ ಹೇಳಿ, ಸಂಕೋಚ ಬೇಡ" ಎಂದು ಮೊದಲ ದಿನವೇ ಹೇಳಿ ಕುರ್ಚಿಗೊಂದು ದಿಂಬು ತಂದುಕೊಟ್ಟಿದ್ದಳು. ಕಲ್ಲಕ್ಕನಿಗೆ ಅವಳನ್ನು ಕಂಡರೆ ಅಭಿಮಾನವೇ. ಅದಕ್ಕೇ ಆ ಗುರುವಾರ ಅಷ್ಟು ನೋವಾದದ್ದು.

ಗುರುವಾರ ಮೊದಲ ವರ್ಷದ ಮಕ್ಕಳ ತರಗತಿ. ಹದಿನೇಳು ಹದಿನೆಂಟರವರು. ಕಲ್ಲಕ್ಕ ಕೂತು ಸ್ವಿಚ್ಚಿಗೆ ಕಣ್ಣು ನೆಟ್ಟಿದ್ದಳು. ಹಿಂದಿನ ದಿನದಿಂದ ಎಡಗಿವಿಯ ಹಿಂದೆ ಸಣ್ಣಗೆ ನೋವು. ಗಾಳಿ ಹೊಡೆದಿರಬೇಕೆಂದು ಹತ್ತಿ ಇಟ್ಟುಕೊಂಡು ಬಂದಿದ್ದಳು. ಮೇಡಂ ಅವಳ ಬೆನ್ನ ಹಿಂದೆ ಎಲ್ಲೋ ನಿಂತು ಪಾಠ ಶುರು ಮಾಡಿದಳು.

"ಈ ಜಗ್ ನೋಡಿ. ಇದರ ಬಾಯಿ ಯಾವ ಆಕಾರ?"

"ದುಂಡಗಿದೆ ಮೇಡಂ."

"ಹೋದ ವಾರ ನೀವೆಲ್ಲ ಬರೆದದ್ದು?"

"ಮೊಟ್ಟೆ ಥರ. ಕೂತಲ್ಲಿಂದ ಹಾಗೇ ತಾನೇ ಕಾಣೋದು?"

"ಸರಿ. ತಳ ಬರೆದ್ರಾ?"

"ತಳ ಕಾಣಲ್ವಲ್ಲ ಮೇಡಂ."

"ಕಾಣಲ್ಲ ಅಂದ್ರೆ ತಳ ಇಲ್ವಾ? ನೀರು ಹೇಗೆ ನಿಂತಿದೆ?"

ಎಲ್ಲರೂ ನಕ್ಕರು. ಮೇಡಂ ದನಿ ಏರಿತು. "ಇದೆ ಅಂತ ಗೊತ್ತು, ಆದ್ರೂ ಬರೆಯಲ್ಲ. ಯಾಕೆ? ನಾವು ಒಂದೇ ಕಡೆ ಕೂತಿರ್ತೀವಿ, ಒಂದೇ ಗಳಿಗೇಲಿ ನೋಡ್ತೀವಿ ಅಂತ ನಮಗೆ ನಾವೇ ಕಟ್ಟು ಹಾಕ್ಕೊಂಡಿದ್ದೀವಿ. ನೂರು ವರ್ಷಕ್ಕೂ ಹಿಂದೆ ಕೆಲವು ಚಿತ್ರಕಾರರು ಈ ಕಟ್ಟು ಯಾಕೆ ಅಂತ ಕೇಳಿದ್ರು. ಎದುರಿಂದ ಕಂಡದ್ದು, ಪಕ್ಕದಿಂದ ಕಂಡದ್ದು, ಮೇಲಿಂದ ಕಂಡದ್ದು, ಎಲ್ಲಾ ಒಂದೇ ಹಾಳೆ ಮೇಲೆ ತಂದ್ರು. ಇದನ್ನೇ ಕ್ಯೂಬಿಸಂ ಅನ್ನೋದು."

ದೊಡ್ಡ ಪುಸ್ತಕವೊಂದರ ಹಾಳೆ ಮಗುಚಿದ ಸದ್ದು. ಹೋ ಎಂದು ನಗು. "ಇದೇನ್ ಮೇಡಂ, ಲಾರಿ ಹತ್ತಿಹೋದ ಗಿಟಾರಾ?" ಎಂದು ಯಾರೋ ಕೇಳಿದರು. ಇನ್ನಷ್ಟು ನಗು. ಕಲ್ಲಕ್ಕನಿಗೆ ತಿರುಗಿ ನೋಡುವ ಆಸೆ. ಆದರೆ ಕೂತವಳು ತಿರುಗುವ ಹಾಗಿಲ್ಲ.

"ಇವತ್ತು ಹತ್ತು ನಿಮಿಷಕ್ಕೊಮ್ಮೆ ನಾನು ಚಪ್ಪಾಳೆ ತಟ್ತೀನಿ," ಎಂದಳು ಮೇಡಂ. "ಹಾಳೆ ಎತ್ಕೊಂಡು ಐದು ಸ್ಟೂಲು ಮುಂದಕ್ಕೆ ಹೋಗಿ. ಹೊಸ ಹಾಳೆ ಇಲ್ಲ, ಅದೇ ಹಾಳೆ. ಬರೆದದ್ದನ್ನ ಅಳಿಸಬೇಡಿ. ಬಣ್ಣ ಮೂರೇ: ಕಂದು, ಬೂದು, ಕಪ್ಪು."

ನಲವತ್ತು ನಿಮಿಷದಲ್ಲಿ ನಾಲ್ಕು ಜಾಗ. ಸ್ಟೂಲು ಎಳೆಯುವ ಗದ್ದಲ, ಕಿಸಿಕಿಸಿ ನಗು, "ನನ್ನ ಹಾಳೇಲಿ ಜಾಗ ಇಲ್ಲ ಕಣೋ" ಎಂಬ ಗೋಳು. ಇಪ್ಪತ್ತೊಂದು ವರ್ಷದಲ್ಲಿ ಆ ಕೋಣೆ ಅಷ್ಟು ಗಲಾಟೆ ಕಂಡಿರಲಿಲ್ಲ. ಗಲಾಟೆಯ ನಡುವೆ ಕಲ್ಲಕ್ಕ ಮಾತ್ರ ಕಲ್ಲು.

ವಿರಾಮ ಬಂತು. ಚಹಾ ಹಿಡಿದು ಎದ್ದಳು. ಮೊದಲ ಈಸೆಲ್ಲಿನ ಮುಂದೆ ನಿಂತವಳ ಕಾಲು ನೆಲಕ್ಕೆ ಅಂಟಿಕೊಂಡಿತು.

ಹಾಳೆಯಲ್ಲಿ ಒಡೆದ ಗಾಜಿನ ಚೂರುಗಳನ್ನು ರಾಶಿ ಹಾಕಿದಂತಿತ್ತು. ಒಂದು ಚೂರಿನಲ್ಲಿ ಅವಳ ಮೂಗು ಎದುರಿಗೆ, ಅದರ ಪಕ್ಕದಲ್ಲೇ ಅದೇ ಮೂಗು ಮತ್ತೊಮ್ಮೆ, ಓರೆಯಾಗಿ. ತುರುಬು ಗಲ್ಲದ ಮೇಲೆ ಬಂದು ಕೂತಿತ್ತು. ಕಿವಿಗಳು ಎರಡೂ ಒಂದೇ ಕಡೆ. ಅವಳು ಎರಡನೆಯದಕ್ಕೆ ಹೋದಳು, ಮೂರನೆಯದಕ್ಕೆ ಹೋದಳು. ಒಂದರಲ್ಲಿ ಕತ್ತು ಪೆಟ್ಟಿಗೆಯ ಹಾಗೆ, ಇನ್ನೊಂದರಲ್ಲಿ ಬಾಯಿ ಹಣೆಯ ಹತ್ತಿರ.

ಕೊನೆಗೆ ಬಂದದ್ದು ಎಲ್ಲರೂ ಪಿಸುಮಾತು ಎಂದೇ ಕರೆಯುತ್ತಿದ್ದ ಹುಡುಗಿಯ ಈಸೆಲ್. ಆ ಹುಡುಗಿ ಬಾಯಿ ಬಿಟ್ಟರೆ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಅವಳ ಹಾಳೆಯಲ್ಲಿ ಚೂರುಗಳು ಕಡಿಮೆ. ಮುಖ ಮುಖವೆಂದು ಗೊತ್ತಾಗುತ್ತಿತ್ತು. ಆದರೆ ಬಲಗಣ್ಣು ಮುಚ್ಚಿತ್ತು, ಎಡಗಣ್ಣು ತೆರೆದಿತ್ತು, ತುಟಿ ಒಂದು ಬದಿಗೆ ಎಳೆದುಕೊಂಡಿತ್ತು. ಸುತ್ತ ನಿಂತಿದ್ದವರು ಮುಸಿಮುಸಿ ನಗುತ್ತಿದ್ದರು. "ನೋಡ್ರೋ, ಕಲ್ಲಕ್ಕ ಕಣ್ಣು ಹೊಡೀತಿದ್ದಾರೆ!"

ಕಲ್ಲಕ್ಕನ ಮುಖಕ್ಕೆ ರಕ್ತ ನುಗ್ಗಿತು. "ಏನೇ ಇದು? ಇಪ್ಪತ್ತೊಂದು ವರ್ಷದಲ್ಲಿ ಯಾರನ್ನಾದ್ರೂ ನೋಡಿ ಕಣ್ಣು ಹೊಡೆದಿದ್ದೀನಾ ನಾನು? ಇಷ್ಟು ವಯಸ್ಸಾದ ಹೆಂಗಸನ್ನ ಹೀಗಾ ಬರೆಯೋದು?"

ಪಿಸುಮಾತು ತಲೆ ತಗ್ಗಿಸಿದಳು. ತುಟಿ ಅಲುಗಿತು, ಮಾತು ಕೇಳಿಸಲಿಲ್ಲ.

ಮೇಡಂ ಓಡಿಬಂದಳು. "ಅಕ್ಕಾ, ತಪ್ಪು ತಿಳ್ಕೋಬೇಡಿ. ಇದು ಗೇಲಿ ಅಲ್ಲ. ಚೆನ್ನಾಗಿ ಮಾಡಿದ್ದಾಳೆ, ಬೇರೆ ಬೇರೆ ಗಳಿಗೇನ ಒಂದೇ ಮುಖದಲ್ಲಿ ತಂದಿದ್ದಾಳೆ..."

"ಚೆನ್ನಾಗಿ ಮಾಡಿದ್ದಾಳಾ? ನನ್ನನ್ನ ಕಡಿದು ಹಾಕಿದ್ದೀರಿ ಮೇಡಂ! ನಿಮ್ಮ ಆ ಕೂಬಿಸಮ್ಮು ನಿಮಗೇ ಇರಲಿ!" ಎಂದು ಲೋಟ ಕುಕ್ಕಿ, ಶಾಲು ಹೊದ್ದು, ಮೆಟ್ಟಿಲಿಳಿದು ಹೊರಟೇಹೋದಳು. ಅರ್ಧ ತರಗತಿ ಬಿಟ್ಟು ಎದ್ದುಬಂದದ್ದು ಅದೇ ಮೊದಲು.

ಶುಕ್ರವಾರ ಅವಳು ಹೋಗಲಿಲ್ಲ. ಚಹಾ ರುಚಿ ಕೆಟ್ಟಂತಿತ್ತು. ಬಾಯಿ ಮುಕ್ಕಳಿಸಿದರೆ ನೀರು ತುಟಿಯ ಸಂದಿಯಿಂದ ಜಾರಿತು. ಸಿಟ್ಟಿನ ಭರದಲ್ಲಿ ಅದನ್ನೆಲ್ಲ ಯಾರು ಗಮನಿಸುತ್ತಾರೆ? ಇಡೀ ದಿನ ತಂಗಿಯ ಹೊಲಿಗೆ ಯಂತ್ರದ ಪಕ್ಕ ಕೂತು ಎರಡು ಮೂಗಿನ ಕಥೆ ಹೇಳಿದ್ದೇ ಹೇಳಿದ್ದು.

ಶನಿವಾರ ಬೆಳಿಗ್ಗೆ ಎದ್ದು ಹಲ್ಲುಜ್ಜಲು ಕನ್ನಡಿ ಎತ್ತಿದಳು.

ಎಡಭಾಗದ ಮುಖ ಇಳಿದುಹೋಗಿತ್ತು. ತುಟಿಯ ಎಡತುದಿ ಜೋತುಬಿದ್ದಿತ್ತು, ಕೆನ್ನೆಯ ಗೆರೆ ಅಳಿಸಿಹೋಗಿತ್ತು, ಎಡಗಣ್ಣು ಅಗಲವಾಗಿ ಬಿಟ್ಟುಕೊಂಡಿತ್ತು. ಕಣ್ಣು ಮುಚ್ಚಲು ನೋಡಿದಳು. ಬಲಗಣ್ಣು ಮುಚ್ಚಿತು. ಎಡಗಣ್ಣು ತೆರೆದೇ ಉಳಿಯಿತು.

ಕನ್ನಡಿಯಲ್ಲಿ ಆ ಚಿತ್ರ ಅವಳನ್ನು ನೋಡಿ ಕಣ್ಣು ಹೊಡೆಯಿತು.

ಅವಳು ಕಿರುಚಿದ್ದು ಕೇಳಿ ತಂಗಿ ಓಡಿಬಂದಳು. ಬಂದವಳು ಅಕ್ಕನ ಮುಖ ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಊರಿಗೆಲ್ಲ ಆಗಿ ಮಿಗುವಷ್ಟು ಮಾತಿನವಳ ಬಾಯಿಂದ ಎರಡೇ ಮಾತು ಬಂತು.

"ಅಕ್ಕಾ... ಏನಾಯ್ತೇ?"

"ಅವರು ಬರೆದ್ರು," ಎಂದಳು ಕಲ್ಲಕ್ಕ. ಮಾತು ತೊದಲುತ್ತಿತ್ತು. "ಅವರು ಬರೆದ ಹಾಗೇ ಆಯ್ತು."

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ಆತುರವಿಲ್ಲದವರು. ಎರಡೂ ಕೈ ಎತ್ತಿಸಿದರು, ನಡೆಸಿದರು, ಹುಬ್ಬು ಏರಿಸಿ ಎಂದರು. ಬಲಹುಬ್ಬು ಏರಿತು, ಎಡದ್ದು ಮಿಸುಕಲಿಲ್ಲ. "ಹೆದರಬೇಡಿ, ಇದು ಮೆದುಳಿನ ಲಕ್ವ ಅಲ್ಲ. ಮುಖಕ್ಕೆ ಹೋಗೋ ನರವೊಂದು ಊದ್ಕೊಂಡಿದೆ. ಬೇಗ ಬಂದಿರಿ, ಒಳ್ಳೇದಾಯ್ತು. ಮಾತ್ರೆ ಕೊಡ್ತೀನಿ. ಕಣ್ಣು ಒಣಗದ ಹಾಗೆ ಹನಿ ಹಾಕ್ಕೊಳ್ಳಿ, ಮಲಗುವಾಗ ರೆಪ್ಪೆ ಮುಚ್ಚಿ ಪಟ್ಟಿ ಅಂಟಿಸಿ. ಮುಕ್ಕಾಲುಪಾಲು ಜನಕ್ಕೆ ವಾರಗಳಲ್ಲೇ ವಾಪಸ್ ಬರುತ್ತೆ."

"ಉಳಿದ ಕಾಲುಪಾಲಿಗೆ?" ಎಂದು ಕೇಳಿದಳು ತಂಗಿ.

ಡಾಕ್ಟರು ಚೀಟಿ ಬರೆಯತೊಡಗಿದರು.

ಮನೆಗೆ ಬಂದ ಮೇಲೆ ಕಲ್ಲಕ್ಕ ಗೋಡೆಯ ಕಡೆ ತಿರುಗಿ ಕೂತಳು. ಬೇರೆ ಯಾರಿಗಾದರೂ ಹೀಗಾಗಿದ್ದರೆ ಮುಖ ಹೋಯಿತೆಂದು ಅಳುತ್ತಿದ್ದರು. ಅವಳಿಗೆ ಮುಖದ ಜೊತೆ ಅನ್ನವೂ ಹೋಗಿತ್ತು. ತಂಗಿ ಸಮಾಧಾನ ಮಾಡುವ ಬದಲು ಹೊಗೆಯಾಡುವುದಕ್ಕೆ ಗಾಳಿ ಹಾಕಿದಳು. "ನರವಂತೆ ನರ! ಗುರುವಾರ ಬರೀತಾರೆ, ಶನಿವಾರ ಹಾಗೇ ಆಗುತ್ತೆ. ಯಾವ ನರಕ್ಕೆ ಚಿತ್ರ ನೋಡೋಕೆ ಬರುತ್ತೆ? ಹೋಗು, ಆ ಮೇಡಂಗೆ ಮುಖ ತೋರಿಸಿ ಬಾ. ನೋಡಲಿ, ಏನು ಮಾಡಿದ್ದಾರೆ ಅಂತ."

ಸೋಮವಾರ ಕಲ್ಲಕ್ಕ ಹೋದಳು. ಶಾಲನ್ನು ಕಣ್ಣೊಂದೇ ಕಾಣುವ ಹಾಗೆ ಮುಖಕ್ಕೆ ಸುತ್ತಿಕೊಂಡಿದ್ದಳು. ಅವಳ ಹಿಂದೆ, ಕರೆಯದಿದ್ದರೂ, ತಂಗಿ.

ಸೋಮವಾರವೂ ಅದೇ ಮೊದಲ ವರ್ಷದವರ ತರಗತಿ. ಕುರ್ಚಿಯ ಮೇಲೆ ಅವಳ ಬದಲು ಜಗ್ ಕೂತಿತ್ತು. ಅವಳನ್ನು ಕಂಡು ಮೇಡಂ ಮುಖ ಅರಳಿತು. "ಅಕ್ಕಾ! ಬಂದ್ರಾ? ನಾನೇ ಮನೆಗೆ ಬಂದು ಕ್ಷಮೆ ಕೇಳೋಣ ಅಂತಿದ್ದೆ..."

ಕಲ್ಲಕ್ಕ ಕಟ್ಟೆ ಹತ್ತಿದಳು, ಜಗ್ ಕೆಳಗಿಟ್ಟಳು, ಕುರ್ಚಿಯ ಪಕ್ಕ ನಿಂತು ಶಾಲು ತೆಗೆದಳು.

ಯಾರದೋ ಕೈಯಿಂದ ಇದ್ದಿಲು ಕಡ್ಡಿ ಬಿದ್ದು ಮುರಿಯಿತು. ಆ ಸಣ್ಣ ಸದ್ದು ಇಡೀ ಕೋಣೆಗೆ ಕೇಳಿಸಿತು. ಗುರುವಾರ ಹೊಟ್ಟೆ ಹಿಡಿದುಕೊಂಡು ನಕ್ಕವರ ಬಾಯಿ ತೆರೆದದ್ದು ಹಾಗೇ ನಿಂತಿತ್ತು. ಗಿಟಾರಿನ ಮಾತಾಡಿದ್ದವನು ಎದ್ದು ನಿಂತು, ಯಾಕೆ ನಿಂತೆನೆಂದು ಗೊತ್ತಾಗದೆ ಮತ್ತೆ ಕೂತ.

"ನೋಡಿ," ಎಂದಳು ಕಲ್ಲಕ್ಕ. ಪಕಾರ ಬಕಾರಗಳು ತುಟಿಗೆ ಸಿಗದೆ ಜಾರುತ್ತಿದ್ದವು. "ಚೆನ್ನಾಗಿ ನೋಡಿ. ನೀವು ಬರೆದದ್ದು ಹೀಗೇ ತಾನೇ? ಮೂಗು ಎರಡು ಆಗಿಲ್ಲ, ಅಷ್ಟು ಪುಣ್ಯ. ಇಷ್ಟು ವರ್ಷ ನಿಮ್ಮಂಥ ಮಕ್ಕಳಿಗೆ ನನ್ನ ಮುಖ ಕೊಟ್ಟೆ. ಯಾರೂ ಅದನ್ನ ಹೀಗೆ ವಾಪಸ್ ಕೊಟ್ಟಿರಲಿಲ್ಲ."

ಮೇಡಂ ಮುಖದಲ್ಲಿ ರಕ್ತವಿರಲಿಲ್ಲ. ಪಕ್ಕದ ಈಸೆಲ್ ಹಿಡಿದುಕೊಂಡಳು. ಓದಿಕೊಂಡವಳು, ಚಿತ್ರ ಬರೆದರೆ ಮುಖ ಬೀಳುವುದಿಲ್ಲವೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಆ ಗಳಿಗೆಯಲ್ಲಿ ಅವಳಿಗೇ ಅನುಮಾನ ಬಂತು.

ಆಗ ಬಾಗಿಲ ಕಡೆಯ ಸ್ಟೂಲಿನಿಂದ ಒಂದು ದನಿ ಬಂತು. ಯಾರ ದನಿಯೆಂದು ಮೊದಲು ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಅದನ್ನು ಯಾರೂ ಕೇಳಿರಲಿಲ್ಲ.

"ನಾನು ನೋಡಿದ್ದೆ."

ಪಿಸುಮಾತು ಎದ್ದು ನಿಂತಿದ್ದಳು. ಎರಡೂ ಕೈಯಲ್ಲಿ ಅಂಗಿಯ ಅಂಚು ಹಿಂಡುತ್ತಿದ್ದಳು.

"ಗುರುವಾರನೇ ನೋಡಿದ್ದೆ. ನಾನು ಬೇರೆಯವರ ಥರ ಚೂರು ಮಾಡಲಿಲ್ಲ, ನಂಗೆ ಅದು ಬರಲಿಲ್ಲ. ಕಂಡದ್ದನ್ನೇ ಬರೆದೆ. ಅಕ್ಕ ರೆಪ್ಪೆ ಬಡಿದಾಗ ಬಲಗಣ್ಣು ಮುಚ್ಚುತ್ತಿತ್ತು. ಎಡಗಣ್ಣು ಅರ್ಧಕ್ಕೇ ನಿಲ್ಲುತ್ತಿತ್ತು. ಮೂರು ಸಲ ನೋಡಿದೆ. ತುಟೀನೂ ಒಂದು ಕಡೆ ಎಳೀತಿತ್ತು. ಬೆಳಕಿನ ಆಟ ಇರಬೇಕು ಅಂದ್ಕೊಂಡೆ. ಆಮೇಲೆ ಎಲ್ರೂ ನಕ್ರು. ಅಕ್ಕ ಬೈದ್ರು. ಮೇಡಂ ಚೆನ್ನಾಗಿದೆ ಅಂದ್ರು. ನಾನು..." ಅಂಗಿಯ ಅಂಚು ಬಿಟ್ಟಳು. "ನಾನು ಹೇಳಲಿಲ್ಲ."

ಮೇಡಂ ಗೋಡೆಯ ಹತ್ತಿರವಿದ್ದ ಹಾಳೆಗಳ ಕಟ್ಟಿನಿಂದ ಆ ಚಿತ್ರ ಎಳೆದು ತೆಗೆದಳು. ತೆಗೆದು ಕಲ್ಲಕ್ಕನ ಮುಖದ ಪಕ್ಕ ಹಿಡಿದಳು. ತೆರೆದ ಎಡಗಣ್ಣು, ಜೋತುಬಿದ್ದ ತುಟಿ, ಅಳಿಸಿದ ಕೆನ್ನೆಯ ಗೆರೆ, ಒಂದೊಂದೂ ಸರಿಯಾದ ಜಾಗದಲ್ಲಿ, ಗುರುವಾರದ ಹೊತ್ತಿಗೆ ಎಷ್ಟು ಶುರುವಾಗಿತ್ತೋ ಅಷ್ಟೇ ಪ್ರಮಾಣದಲ್ಲಿ.

"ಶೈಲಿ ಅಂದ್ಕೊಂಡೆ," ಎಂದಳು ಮೇಡಂ. "ಅಕ್ಕಾ, ನಾನು ಇದನ್ನ ಶೈಲಿ ಅಂದ್ಕೊಂಡೆ. ಕಾಯಿಲೆ ಕಣ್ಣ ಮುಂದೇನೇ ಇತ್ತು. ಎಲ್ಲಾ ಕಡೆಯಿಂದ ನೋಡಿ ಅಂತ ಪಾಠ ಹೇಳ್ತಿದ್ದವಳು ನಾನು, ನಿಮ್ಮನ್ನ ಒಂದು ಸಲನೂ ಸರಿಯಾಗಿ ನೋಡಲಿಲ್ಲ."

ಕಲ್ಲಕ್ಕನ ತಲೆಯಲ್ಲಿ ಏನೋ ಕಳಚಿಕೊಂಡಿತು. ಬುಧವಾರದ ಕಿವಿನೋವು. ಗುರುವಾರಕ್ಕೂ ಮುಂಚಿನದು. ಚಿತ್ರ ಬರೆದದ್ದರಿಂದ ಮುಖ ಬಿದ್ದದ್ದಲ್ಲ. ಬೀಳುತ್ತಿದ್ದದ್ದನ್ನು ಇಪ್ಪತ್ತೆರಡು ಜನರಲ್ಲಿ ಒಬ್ಬಳು ಕಂಡಿದ್ದಳು. ಆ ಒಬ್ಬಳನ್ನೇ ಅವಳು ಬಾಯಿಗೆ ಬಂದ ಹಾಗೆ ಬೈದಿದ್ದಳು. ಹೊಡೆತ ತಿಂದವಳಂತೆ ಕುರ್ಚಿಯ ಮೇಲೆ ಕುಸಿದಳು. ಬೈಯಲು ಬಂದಿದ್ದ ತಂಗಿಗೆ ಯಾರನ್ನು ಬೈಯಬೇಕೆಂದೇ ತೋಚಲಿಲ್ಲ. ಕೊನೆಗೆ, "ಆ ಮಗೂಗೆ ಯಾರಾದ್ರೂ ನೀರು ಕೊಡ್ರೋ, ಬಿದ್ದುಹೋಗ್ತಾಳೆ ನೋಡಿ!" ಎಂದು ಗದರಿದಳು.

ಆಮೇಲಿನ ವಾರಗಳು ಸುಲಭವಾಗಿರಲಿಲ್ಲ. ಊಟ ಎಡಗೆನ್ನೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಂಟಿಸಿದ ಪಟ್ಟಿ ಕಿತ್ತರೆ ರೆಪ್ಪೆಯ ಕೂದಲೂ ಬರುತ್ತಿತ್ತು. ಕನ್ನಡಿಯೆದುರು ಕೂತು "ಈ, ಊ" ಎಂದು ಮುಖಕ್ಕೆ ಕಸರತ್ತು ಮಾಡಿಸಬೇಕಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಪಿಸುಮಾತು ಬರುತ್ತಿದ್ದಳು. ಬಂದು ಹೊಲಿಗೆ ಯಂತ್ರದ ಪಕ್ಕ ಕೂತು, ಕಸರತ್ತು ಮಾಡುವ ಮುಖವನ್ನು ಚಿಕ್ಕ ಪುಸ್ತಕದಲ್ಲಿ ದಿನಕ್ಕೊಂದು ಬರೆಯುತ್ತಿದ್ದಳು. ಹದಿನೆಂಟನೆಯ ದಿನ ಪೆನ್ಸಿಲು ನಿಲ್ಲಿಸಿ, "ಅಕ್ಕಾ, ಇನ್ನೊಂದು ಸಲ ಊ ಅನ್ನಿ" ಎಂದಳು. ಕಲ್ಲಕ್ಕ ಊ ಎಂದಳು. "ಎಡತುದಿ ಅಲುಗಾಡ್ತು. ನಿನ್ನೆ ಅಲುಗಾಡಿರಲಿಲ್ಲ." ಕಲ್ಲಕ್ಕನಿಗಾಗಲಿ ತಂಗಿಗಾಗಲಿ ಕಾಣದ್ದು ಅವಳಿಗೆ ಕಂಡಿತ್ತು. ಆ ಸಂಜೆ ಮೂವರೂ ಅತ್ತರು. ಆಮೇಲೆ ತಂಗಿ, "ಅಳೋವಾಗಲೂ ಬಲಗಡೆ ಮಾತ್ರ ಅಳ್ತೀಯಲ್ಲೇ" ಎಂದು ಎಲ್ಲರನ್ನೂ ನಗಿಸಿದಳು.

ಒಂದು ಭಾನುವಾರ ಮೇಡಂ ಬಂದಳು. ಮುಖ ಸಪ್ಪಗಿತ್ತು. ಆ ಪಾಠ ಇನ್ನು ಮುಂದೆ ಮಾಡುವುದಿಲ್ಲ, ಮೊದಲ ವರ್ಷದವರಿಗೆ ಅದು ಬೇಡವೆಂದು ಪ್ರಾಂಶುಪಾಲರಿಗೆ ಬರೆದುಕೊಡುತ್ತೇನೆ ಎಂದಳು.

"ಮೊದಲು ನಂಗೆ ಹೇಳಿ," ಎಂದಳು ಕಲ್ಲಕ್ಕ. "ಅವತ್ತು ನಾನು ಬೆನ್ನು ಹಾಕಿ ಕೂತಿದ್ದೆ, ಪುಸ್ತಕ ನೋಡೋಕೂ ಆಗಲಿಲ್ಲ. ಏನದು ಕೂಬಿಸಮ್ಮು?"

ಮೇಡಂ ಚೀಲದಿಂದ ಪುಸ್ತಕ ತೆಗೆದಳು. ಕುರ್ಚಿಯಲ್ಲಿ ಕೂತ ಹೆಂಗಸಿನ ಚಿತ್ರ, ಕಂದು ಬೂದು ಚೂರುಗಳು. ಕಲ್ಲಕ್ಕ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಬೆರಳಿಟ್ಟು ಹೇಳತೊಡಗಿದಳು: "ಈ ಕೆನ್ನೆ ಕಿಟಕಿ ಕಡೆ ಸ್ಟೂಲಿನವರದು. ಇದು ಬಾಗಿಲ ಕಡೆ. ಈ ತುರುಬು ಹಿಂದೆ ಕೂತವರದು. ಕೈ ಮಾತ್ರ ಯಾರೋ ನಿಂತು ನೋಡಿದ್ದಾರೆ." ತಲೆ ಎತ್ತಿದಳು. "ಅಂದ್ರೆ ಇಪ್ಪತ್ತೆರಡು ಸ್ಟೂಲಿನವರೂ ಬಂದು ಒಂದೇ ಹಾಳೆ ಮೇಲೆ ಕೂತ ಹಾಗೆ. ಅಷ್ಟೇ ತಾನೇ?"

ಮೇಡಂ ಪುಸ್ತಕದ ಕಡೆ ಬಾಗಿದಳು. "ನಾನು ಆರು ವರ್ಷ ಓದಿದ್ದು ಅಷ್ಟೇ ಅಕ್ಕಾ."

"ನಾನು ಇಪ್ಪತ್ತೊಂದು ವರ್ಷದಿಂದ ವಿರಾಮದಲ್ಲಿ ಸುತ್ತು ಬಂದು ನೋಡ್ತಿದ್ದದ್ದೂ ಅದನ್ನೇ. ಒಬ್ಬೊಬ್ಬರು ಒಂದೊಂದು ಚೂರು ಕೊಡ್ತಿದ್ರು, ಜೋಡಿಸ್ಕೊಳ್ತಿದ್ದವಳು ನಾನು. ಇವರು ಜೋಡಿಸಿಯೇ ಕೊಟ್ಟಿದ್ದಾರೆ." ಪುಸ್ತಕ ಮುಚ್ಚಿದಳು. "ಪಾಠ ನಿಲ್ಲಿಸಬೇಡಿ. ಆದ್ರೆ ಒಂದು ಮಾತು. ಕೂತವಳನ್ನ ಮೊದಲೇ ಕೇಳಿ. ಮುಖ ಅವಳದು. ಇವತ್ತು ಹೀಗೆ ಬರೀತೀವಿ ಅಂತ ಹೇಳಿ, ಪುಸ್ತಕ ತೋರಿಸಿ. ಆಮೇಲೆ ಬೇಕಾದ್ರೆ ಹತ್ತು ಮೂಗು ಬರೀರಿ."

ಹನ್ನೆರಡನೆಯ ವಾರಕ್ಕೆ ಅವಳು ಕುರ್ಚಿಗೆ ಮರಳಿದಳು. ನಡುವೆ ಅವಳ ಬದಲು ತಂಗಿಯನ್ನು ಕೂರಿಸಿ ನೋಡಿದ್ದರು. ಎರಡೇ ದಿನ. ಅವಳು ಮಾತಾಡಿದ್ದೂ ಮಾತಾಡಿದ್ದೇ, ತಿರುಗಿದ್ದೂ ತಿರುಗಿದ್ದೇ. "ಅವಳು ಕೂತ್ರೆ ಪಾಠನೇ ಬೇಡ ಮೇಡಂ, ಹೇಗೆ ಬರೆದ್ರೂ ಕೂಬಿಸಮ್ಮೇ ಆಗುತ್ತೆ" ಎಂದಳು ಕಲ್ಲಕ್ಕ.

ಮುಖ ಪೂರ್ತಿ ವಾಪಸಾಗಲಿಲ್ಲ. ನಕ್ಕರೆ ಬಲಗಡೆ ಒಂದು ಗಳಿಗೆ ಮುಂಚೆ ನಗುತ್ತಿತ್ತು, ಎಡಗಡೆ ಹಿಂದೆ ಬರುತ್ತಿತ್ತು. ಊಟಕ್ಕೆ ಕೂತರೆ ಎಡಗಣ್ಣಲ್ಲಿ ತಾನೇ ತಾನಾಗಿ ನೀರು. ಅವಳು ಅದಕ್ಕೆ ಒಗ್ಗಿಕೊಂಡಳು. ಪಿಸುಮಾತು ಓದು ಮುಗಿಸಿ ಮಕ್ಕಳ ಆಸ್ಪತ್ರೆಯೊಂದರ ಗೋಡೆಗಳಿಗೆ ಚಿತ್ರ ಬರೆಯುವ ಕೆಲಸಕ್ಕೆ ಸೇರಿದಳು. ದನಿ ಈಗಲೂ ಮೆಲ್ಲಗೇ, ಆದರೆ ಏನಾದರೂ ಕಂಡರೆ ಹೇಳದೆ ಬಿಡುವುದಿಲ್ಲವಂತೆ.

ಕಲ್ಲಕ್ಕ ಇನ್ನೂ ಏಳು ವರ್ಷ ಕೂತಳು. ಪ್ರತಿ ವರ್ಷ ಆ ಪಾಠದ ದಿನ ಮೇಡಂ ಅವಳ ಕೈಗೇ ಪುಸ್ತಕ ಕೊಡುತ್ತಿದ್ದಳು. ಕೂತಲ್ಲಿ ಮಾತಾಡದವಳು ಅಂದು ಮಾತ್ರ ಕಟ್ಟೆಯ ಮೇಲೆ ನಿಂತು, ಹೊಸ ಮಕ್ಕಳಿಗೆ ಇದು ಯಾವ ಸ್ಟೂಲಿನ ಕೆನ್ನೆ, ಇದು ಯಾವ ಸ್ಟೂಲಿನ ಕಿವಿ ಎಂದು ಬಿಡಿಸಿ ಹೇಳುತ್ತಿದ್ದಳು. ಆಮೇಲೆ, "ನಾನು ಅಲುಗಾಡಲ್ಲ. ನೀವು ಅಲುಗಾಡಿ. ಏನಾದ್ರೂ ಸರಿಯಿಲ್ಲ ಅನ್ನಿಸಿದ್ರೆ ಬರೆದು ಸುಮ್ಮನಿರಬೇಡಿ, ಬಾಯಿಬಿಟ್ಟು ಹೇಳಿ" ಎಂದು ಕೂರುತ್ತಿದ್ದಳು.

ಕೊನೆಯ ವರ್ಷ ವಿರಾಮದಲ್ಲಿ ಚಹಾ ಹಿಡಿದು ಸುತ್ತು ಬರುತ್ತಿದ್ದಾಗ ಹೊಸ ಹುಡುಗಿಯೊಬ್ಬಳು ಹೆದರಿ ತನ್ನ ಹಾಳೆ ಮುಚ್ಚಿಕೊಂಡಳು. "ಅಕ್ಕಾ, ನಿಮ್ಮನ್ನ ಹೀಗೆ ಬರೆದದ್ದಕ್ಕೆ ಕೋಪ ಬರಲ್ವಾ?"

ಕಲ್ಲಕ್ಕ ಅವಳ ಕೈ ಸರಿಸಿ ಹಾಳೆಯನ್ನು ಎಡದಿಂದ ನೋಡಿದಳು, ಬಲದಿಂದ ನೋಡಿದಳು.

"ಬರುತ್ತೆ. ಮೂರು ಮೂಗು ಬರೆದಿದ್ದೀಯ, ಬರೀ. ಆದ್ರೆ ನನ್ನ ಮೂಗು ಇಷ್ಟು ದಪ್ಪ ಇದೆಯೇನೇ?"